ವಾಗ್ದಾನದ ವಚನವನ್ನು ಓದುವ, ಪ್ರಾರ್ಥಿಸುವ ಮತ್ತು ಕಾಯುವ ಕ್ರಮ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಅನೇಕ ಕ್ರೈಸ್ತ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ಮುಂದಿನ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಬೈಬಲಿನ ಒಂದೊಂದು ವಚನ ಅಚ್ಚಾದ ಚಿಕ್ಕ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಬ್ಬೊಬ್ಬರಾಗಿ ಹೋಗಿ, ಕಣ್ಣು ಮುಚ್ಚಿ ಪ್ರಾರ್ಥಿಸಿ, ಒಂದನ್ನು ಎತ್ತಿಕೊಂಡು ಬರುತ್ತಾರೆ. ಅದು ಆ ವರ್ಷಕ್ಕೆ ದೇವರು ಕೊಟ್ಟ ಮಾತು, ಅಂದರೆ ವಾಗ್ದಾನವೆಂದು ಬೀರುವಿನ ಕನ್ನಡಿಗೋ, ಕ್ಯಾಲೆಂಡರಿನ ಪಕ್ಕದ ಗೋಡೆಗೋ, ಮೊಬೈಲಿನ ಕವರಿನೊಳಗೋ ಸೇರುತ್ತದೆ. ಕಾರ್ಡು ಕೊಡುವ ಪದ್ಧತಿ ಇಲ್ಲದ ಮನೆಗಳಲ್ಲೂ ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಯಾರಾದರೊಬ್ಬರು ಕಳುಹಿಸಿದ ವಚನ ಕಾದಿರುತ್ತದೆ. ಇದು ಒಳ್ಳೆಯ ರೂಢಿ, ಇದನ್ನು ಬಿಡಬೇಕಾಗಿಲ್ಲ. ಆದರೆ ರೊಬಸ್ಟ ಕಾಫಿಯ ಕೊಯ್ಲು ಮುಗಿದು, ಗಿಡಗಳು ಹೂ ಬಿಡಲು ಬೇಕಾದ ಹೂಮಳೆಗಾಗಿ ಮುಗಿಲು ನೋಡುವ ಕಾಲ ಬರುವಷ್ಟರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ನೋವಾಗಿ ನಿಂತಿರುತ್ತದೆ: ದೇವರು ನನಗೆ ಈ ಮಾತು ಕೊಟ್ಟನಲ್ಲ, ಯಾಕೆ ಇನ್ನೂ ನೆರವೇರಲಿಲ್ಲ? ಈ ಪ್ರಶ್ನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಕೇಳಲು ಅವರು ಹಿಂಜರಿಯುತ್ತಾರೆ, ಕೇಳಿದರೆ ನಂಬಿಕೆ ಕಡಿಮೆಯೆಂದು ಯಾರಾದರೂ ಅಂದಾರು ಎಂಬ ಅಂಜಿಕೆ.

ಅಂಥವರಿಗಾಗಿ ಈ ಬರಹ. ವಾಗ್ದಾನ ಮಾಡಿದಾತನು ನಂಬಿಗಸ್ತನು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ದೇವರು ಸುಳ್ಳಾಡಲು ಮನುಷ್ಯನಲ್ಲ ಎಂದು ಬೈಬಲಿನ ಅರಣ್ಯಕಾಂಡ 23:19 ಹೇಳುವುದನ್ನು ಹಾಗೆಯೇ ನಂಬುತ್ತೇನೆ. ಆದರೆ ಆತನು ಆಡಿದ ಪೂರ್ತಿ ಮಾತನ್ನು ಬಿಟ್ಟು ಅದರ ಅರ್ಧ ಸಾಲನ್ನು ಮಾತ್ರ ಹಿಡಿದುಕೊಂಡರೆ, ಆತನು ಹೇಳದೆ ಇದ್ದುದಕ್ಕೆ ಆತನನ್ನು ಹೊಣೆ ಮಾಡಿದಂತಾಗುತ್ತದೆ. ನಿಮ್ಮ ಬಳಿ ಇರುವ ಯಾವುದೇ ಕನ್ನಡ ಬೈಬಲ್ ಸಾಕು, ಸತ್ಯವೇದವಾದರೂ ಸರಿ, ಕಥೋಲಿಕ ಮನೆಗಳ ಪವಿತ್ರ ಬೈಬಲ್ ಆದರೂ ಸರಿ. ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಕುಟುಂಬ ಪ್ರಾರ್ಥನೆಯ ನಂತರ ಒಂದಷ್ಟು ಬಿಡುವು ಇರಲಿ.

ಮೊದಲ ಹೆಜ್ಜೆ: ವಚನವನ್ನು ಅದರ ಅಧ್ಯಾಯದಲ್ಲಿಟ್ಟು ಓದಿ

ಕಾರ್ಡಿನ ಕೆಳಗೆ ಅಧ್ಯಾಯ, ವಚನಗಳ ಸಂಖ್ಯೆ ಅಚ್ಚಾಗಿರುತ್ತದೆ. ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ, ಸಾಧ್ಯವಾದರೆ ಅದರ ಹಿಂದಿನ ಅಧ್ಯಾಯವನ್ನೂ ಸೇರಿಸಿ, ಗಟ್ಟಿಯಾಗಿ ಓದಿ. ಉಳಿದ ಹೆಜ್ಜೆಗಳೆಲ್ಲ ನಿಂತಿರುವುದು ಇದರ ಮೇಲೆಯೇ ಆದ್ದರಿಂದ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ.

ಕಾರ್ಡುಗಳಲ್ಲಿ ಎಲ್ಲಕ್ಕಿಂತ ಪರಿಚಿತವಾದ ವಚನಗಳಲ್ಲಿ ಯೆರೆಮೀಯ 29:11 ಒಂದು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಸಮಾಧಾನದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂಬುದು ಅದರ ಸಾರ. ಇದು ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆಹೂದದ ಅರಸನನ್ನೂ ಅವನ ತಾಯಿಯನ್ನೂ ಕಮ್ಮಾರರನ್ನೂ ಕಸಬುದಾರರನ್ನೂ ಸೆರೆಹಿಡಿದುಕೊಂಡು ಹೋದ ಮೇಲೆ, ಯೆರೂಸಲೇಮಿನಲ್ಲಿ ಉಳಿದಿದ್ದ ಪ್ರವಾದಿ ಯೆರೆಮೀಯನು ದೂರದ ಊರಿನಲ್ಲಿದ್ದ ಆ ಸೆರೆಯವರಿಗೆ ಬರೆದು ಕಳುಹಿಸಿದ ಪತ್ರ ಅದು. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನು 2 ವರ್ಷಗಳಲ್ಲಿ ಎಲ್ಲವೂ ಹಿಂದಕ್ಕೆ ಬರುತ್ತದೆ ಎಂದು ಸಾರುತ್ತಾನೆ. ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ತೆಗೆದು ಮುರಿದು ಹಾಕುತ್ತಾನೆ. ಜನ ಕೇಳಲು ಬಯಸಿದ್ದ ವಾಗ್ದಾನ ಅದೇ, ಆದರೆ ಅದು ದೇವರು ಕೊಟ್ಟದ್ದಾಗಿರಲಿಲ್ಲ. ಅದೇ ವರ್ಷ ಏಳನೆಯ ತಿಂಗಳಲ್ಲಿ ಹನನ್ಯನು ಸತ್ತನೆಂದು ಅಧ್ಯಾಯ ಮುಗಿಯುತ್ತದೆ.

ಈಗ ಪತ್ರಕ್ಕೆ ಬನ್ನಿ. ಮನೆಗಳನ್ನು ಕಟ್ಟಿಕೊಂಡು ವಾಸಮಾಡಿರಿ, ತೋಟಗಳನ್ನು ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು 5ರಿಂದ 7ನೇ ವಚನಗಳು ಹೇಳುತ್ತವೆ. 10ನೇ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ಅಂದರೆ ಆ ಪತ್ರವನ್ನು ಕಿವಿಯಾರೆ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲಿಯೇ ಮಣ್ಣಾದರು, ಭವಿಷ್ಯವನ್ನು ಕಂಡವರು ಅವರ ಮಕ್ಕಳು ಮೊಮ್ಮಕ್ಕಳು. 12 ಮತ್ತು 13ನೇ ವಚನಗಳು ದೇವರನ್ನು ಮನಃಪೂರ್ವಕವಾಗಿ ಹುಡುಕುವ ಮಾತಾಡುತ್ತವೆ. ಇಷ್ಟನ್ನೂ ಓದಿದ ಮೇಲೆ 11ನೇ ವಚನದ ತೂಕ ಕಡಿಮೆಯಾಗಿದೆ ಎಂದು ನಿಮಗೆ ಅನ್ನಿಸುತ್ತದೆಯೇ? ನನಗಂತೂ ಹೆಚ್ಚಾಗಿದೆ ಅನ್ನಿಸುತ್ತದೆ. ಈ ವರ್ಷ ಮಗನಿಗೆ ಕೆಲಸ ಸಿಗುತ್ತದೆ ಎಂಬ ಅರ್ಥ ಅದಕ್ಕಿಲ್ಲದಿರಬಹುದು. ಕೆಲಸ ಸಿಗದ ವರ್ಷವೂ ದೇವರ ಆಲೋಚನೆಯ ಹೊರಗಿಲ್ಲ, ಆ ವರ್ಷದಲ್ಲೂ ಮನೆ ಕಟ್ಟಿ ತೋಟ ಮಾಡಿ ಊರಿನ ಕ್ಷೇಮ ಹಾರೈಸಬಹುದು ಎಂಬ ಅರ್ಥ ಮಾತ್ರ ಅದಕ್ಕೆ ಖಂಡಿತವಾಗಿಯೂ ಇದೆ.

ಎರಡನೆಯ ಹೆಜ್ಜೆ: ಯಾರಿಗೆ ಹೇಳಿದ ಮಾತು?

ನೋಟ್‌ಬುಕ್ಕಿನಲ್ಲಿ ವಚನದ ಕೆಳಗೆ ಇದು ಯಾರಿಗೆ ಎಂದು ಬರೆದು ಉತ್ತರ ತುಂಬಿ. ಬರುವ ವರ್ಷ ಇದೇ ಕಾಲಕ್ಕೆ ಸಾರಳಿಗೆ ಮಗನಿರುವನು ಎಂಬ ಆದಿಕಾಂಡ 18ನೇ ಅಧ್ಯಾಯದ ಮಾತು ಅಬ್ರಹಾಮ, ಸಾರ ಎಂಬ ಒಂದು ದಂಪತಿಗೆ ಕೊಟ್ಟದ್ದು. ಮಕ್ಕಳಿಲ್ಲದ ಮನೆಗೆ ಹೋಗಿ ಅದನ್ನು ಈ ವರ್ಷದ ವಾಗ್ದಾನವೆಂದು ಓದುವುದು ಕನಿಕರದಂತೆ ಕಂಡರೂ ಕ್ರೂರವಾದ ಕೆಲಸ. ಭೂಮಿಯನ್ನು ಇನ್ನೆಂದೂ ಜಲಪ್ರಳಯದಿಂದ ನಾಶಮಾಡೆನು ಎಂದು ನೋಹನ ಕಾಲದಲ್ಲಿ ಮುಗಿಲಬಿಲ್ಲನ್ನು ಗುರುತಾಗಿ ಇಟ್ಟದ್ದು ಸಕಲ ಪ್ರಾಣಿಗಳ ಸಂಗಡ ಮಾಡಿದ ಒಡಂಬಡಿಕೆ, ಅದರಲ್ಲಿ ನಮ್ಮ ನೆರೆಯ ಹಿಂದೂ ಮುಸ್ಲಿಂ ಮನೆಗಳೂ, ಕಾಡಿನ ಮೃಗಗಳೂ ಸೇರಿವೆ. ಧರ್ಮೋಪದೇಶಕಾಂಡದ ಅನೇಕ ವಾಗ್ದಾನಗಳು ಕಾನಾನ್ ದೇಶಕ್ಕೆ ಕಾಲಿಡುತ್ತಿದ್ದ ಇಸ್ರಾಯೇಲ್ ಜನಾಂಗಕ್ಕೆ ಹೇಳಿದವು.

ಹಾಗಾದರೆ ಹಳೆಯ ಒಡಂಬಡಿಕೆಯ ವಾಗ್ದಾನಗಳಲ್ಲಿ ನಮಗೆ ಪಾಲಿಲ್ಲವೇ? ಖಂಡಿತ ಇದೆ, ಆದರೆ ಅದಕ್ಕೊಂದು ಬಾಗಿಲಿದೆ. ದೇವರ ವಾಗ್ದಾನಗಳು ಎಷ್ಟಿದ್ದರೂ ಕ್ರಿಸ್ತನಲ್ಲಿ ಅವೆಲ್ಲವೂ ಹೌದೆಂಬುದಾಗುತ್ತವೆ ಎಂದು ಅಪೊಸ್ತಲ ಪೌಲನು 2 ಕೊರಿಂಥ 1:20ರಲ್ಲಿ ಬರೆಯುತ್ತಾನೆ. ನೀವು ಕ್ರಿಸ್ತನವರಾಗಿದ್ದರೆ ಅಬ್ರಹಾಮನ ಸಂತತಿಯವರೂ ವಾಗ್ದಾನಕ್ಕೆ ಬಾಧ್ಯರೂ ಆಗಿದ್ದೀರಿ ಎಂದು ಗಲಾತ್ಯ 3:29ರಲ್ಲಿ ಹೇಳುತ್ತಾನೆ. ಆದ್ದರಿಂದ ಹಳೆಯ ಒಡಂಬಡಿಕೆಯ ವಚನ ಬಂದಾಗ, ಹೊಸ ಒಡಂಬಡಿಕೆ ಅದನ್ನು ಎಲ್ಲಾದರೂ ಎತ್ತಿಕೊಂಡಿದೆಯೇ ಎಂದು ಪುಟದ ಅಂಚಿನ ಅಥವಾ ಅಡಿಯ ಸೂಚನೆಗಳಲ್ಲಿ ಹುಡುಕಿ. ಇಸ್ರಾಯೇಲಿನ ನಾಯಕ ಯೆಹೋಶುವನಿಗೆ ಯುದ್ಧದ ಮುಂಚೆ ಕೊಟ್ಟ, ನಿನ್ನನ್ನು ಕೈಬಿಡುವುದಿಲ್ಲ ಎಂಬ ಮಾತನ್ನು ಇಬ್ರಿಯರಿಗೆ ಬರೆದ ಪತ್ರ 13:5 ಎಲ್ಲ ವಿಶ್ವಾಸಿಗಳಿಗೂ ಹಂಚುತ್ತದೆ. ಹಂಚುವಾಗ ಹೇಳುವ ವಿಷಯ ಯಾವುದು ಗೊತ್ತೇ? ಹಣದಾಸೆ ಬೇಡ, ಇರುವುದರಲ್ಲಿ ತೃಪ್ತರಾಗಿರಿ ಎಂಬುದು. ಈ ಮಾತು ಕಾರ್ಡಿನಲ್ಲಿ ಇರುವುದಿಲ್ಲ.

ಮೂರನೆಯ ಹೆಜ್ಜೆ: ಷರತ್ತು ಇದೆಯೇ?

ಕೆಲವು ವಾಗ್ದಾನಗಳಿಗೆ ಷರತ್ತಿಲ್ಲ. ಆದಿಕಾಂಡ 15ನೇ ಅಧ್ಯಾಯದಲ್ಲಿ ಕಡಸು, ಆಡು, ಟಗರುಗಳನ್ನು ಎರಡಾಗಿ ಸೀಳಿ ಎದುರುಬದುರಾಗಿ ಇಟ್ಟ ಮೇಲೆ ಅಬ್ರಾಮನಿಗೆ (ಮುಂದೆ ಅಬ್ರಹಾಮನೆಂದು ಹೆಸರಾದವನಿಗೆ) ಗಾಢ ನಿದ್ರೆ ಹತ್ತುತ್ತದೆ. ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ದೇವರ ಗುರುತಾಗಿ ಆ ತುಂಡುಗಳ ನಡುವೆ ಹಾದುಹೋಗುತ್ತವೆ. ಒಪ್ಪಂದ ಮಾಡಿಕೊಂಡ ಇಬ್ಬರಲ್ಲಿ ದೇವರು ಮಾತ್ರ ನಡುವೆ ಹಾದುಹೋದನು, ಅಬ್ರಾಮನು ಮಲಗಿದ್ದನು. ಕ್ರೈಸ್ತ ನಂಬಿಕೆಯಲ್ಲಿ ಕೃಪೆಯೆಂದರೆ ಏನೆಂದು ಮಕ್ಕಳಿಗೆ ಹೇಳಿಕೊಡುವುದಾದರೆ ನಾನು ಈ ಅಧ್ಯಾಯದಿಂದಲೇ ಶುರುಮಾಡುತ್ತೇನೆ.

ಇನ್ನು ಕೆಲವಕ್ಕೆ ಷರತ್ತು ಇದೆ, ಅವುಗಳಲ್ಲಿ ಮಳೆಯ ವಾಗ್ದಾನವು ನಮ್ಮ ಕಡೆಯವರಿಗೆ ಬಹಳ ಹತ್ತಿರದ್ದು. ಧರ್ಮೋಪದೇಶಕಾಂಡ 11ನೇ ಅಧ್ಯಾಯ ಐಗುಪ್ತವನ್ನೂ (ಈಜಿಪ್ಟ್) ಕಾನಾನನ್ನೂ ಹೋಲಿಸುತ್ತದೆ: ಅಲ್ಲಿ ಕಾಲಿನಿಂದ ನೀರು ಹಾಯಿಸಿ ಬೆಳೆ ತೆಗೆದಿರಿ, ಇಲ್ಲಿನ ಬೆಟ್ಟ ತಗ್ಗುಗಳ ನೆಲ ಆಕಾಶದ ಮಳೆಯನ್ನೇ ಕುಡಿಯುತ್ತದೆ. 13ನೇ ವಚನದಲ್ಲಿ ಆಜ್ಞೆಗಳಿಗೆ ಕಿವಿಗೊಟ್ಟರೆ ಎಂಬ ಷರತ್ತು, 14ರಲ್ಲಿ ಮುಂಗಾರು ಹಿಂಗಾರು ಮಳೆ, 17ರಲ್ಲಿ ಕೇಳದಿದ್ದರೆ ಆಕಾಶ ಮುಚ್ಚಿಹೋಗುವ ಎಚ್ಚರಿಕೆ. ಕಾಫಿ ತೋಟದವರು ಮಾರ್ಚ್, ಏಪ್ರಿಲ್‌ನಲ್ಲಿ 14ನೇ ವಚನವನ್ನು ಮಾತ್ರ ಓದುವುದು ಸಹಜವೇ. ಆದರೆ ಇಲ್ಲಿ ಎರಡು ಎಚ್ಚರಿಕೆ ಬೇಕು. ಷರತ್ತನ್ನು ಕಿತ್ತುಹಾಕಿ ಮಳೆಯನ್ನು ಮಾತ್ರ ಕೇಳಬಾರದು. ಹಾಗೆಯೇ ಮಳೆ ಬಾರದವನನ್ನು ಪಾಪಿಯೆಂದು ಎಣಿಸಲೂಬಾರದು. ಹೂಮಳೆ ನಮ್ಮಲ್ಲಿ ಹೇಗೆ ಬೀಳುತ್ತದೆಂದು ಎಲ್ಲರಿಗೂ ಗೊತ್ತು: ರಸ್ತೆಯ ಈ ಕಡೆಯ ತೋಟ ತೊಯ್ದು ಹೂ ಬಿಡುತ್ತದೆ, ಆ ಕಡೆಯ ತೋಟದವರು ಸ್ಪ್ರಿಂಕ್ಲರಿಗೆ ಡೀಸೆಲ್ ಹೊಂದಿಸುತ್ತಿರುತ್ತಾರೆ. ಆ ಜನಾಂಗಕ್ಕೆ ಆ ಒಡಂಬಡಿಕೆಯಲ್ಲಿ ಹೇಳಿದ ಮಾತನ್ನು ಹಿಡಿದುಕೊಂಡು ನೆರೆಯವನ ಮನೆತನವನ್ನು ಅಳೆಯಬಾರದೆಂಬುದಕ್ಕೆ ಯೇಸುವಿನ ಮಾತೇ ಇದೆ. ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ತಂದೆಯು ಮಳೆ ಸುರಿಸುತ್ತಾನೆ ಎಂದು ಮತ್ತಾಯ 5:45 ಹೇಳುತ್ತದೆ.

ಷರತ್ತಿನ ಮಾತು ಬಂದಾಗ ಮಲಾಕಿಯ 3:10ನ್ನು ದಾಟಿ ಹೋಗುವಂತಿಲ್ಲ. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿರಿ, ಪರಲೋಕದ ದ್ವಾರಗಳನ್ನು ತೆರೆದು ಆಶೀರ್ವಾದ ಸುರಿಸುವೆನೋ ಇಲ್ಲವೋ ನೋಡಿರಿ ಎಂಬ ಈ ವಚನವನ್ನು ಎತ್ತಿ ಹಿಡಿದು, ಇಷ್ಟು ಸಾವಿರ ಬಿತ್ತಿದರೆ ಇಷ್ಟು ಪಟ್ಟು ಬರುತ್ತದೆ ಎಂದು ಕಾಣಿಕೆ ಎತ್ತುವವರಿದ್ದಾರೆ. ಆ ಭಂಡಾರದಲ್ಲಿ ಏನಿರುತ್ತಿತ್ತು? ಧಾನ್ಯ. ಅದು ಯಾರ ಹೊಟ್ಟೆಗೆ? ದೇವಾಲಯದ ಸೇವೆಗೆ ನಿಂತ, ಸ್ವಂತ ಭೂಮಿಯಿಲ್ಲದ ಲೇವಿಯರ ಹೊಟ್ಟೆಗೆ. ಮೂರನೆಯ ವರ್ಷದ ದಶಮಾಂಶವು ಪರದೇಶಿ, ತಂದೆಯಿಲ್ಲದವ, ವಿಧವೆ ಇವರಿಗೂ ಸೇರಿದ್ದೆಂದು ಧರ್ಮೋಪದೇಶಕಾಂಡ 14:28-29 ವಿಧಿಸುತ್ತದೆ. ಮಲಾಕಿಯನ ಅದೇ ಅಧ್ಯಾಯದ 5ನೇ ವಚನಕ್ಕೆ ಬೆರಳಿಡಿ: ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರಿಗೂ, ವಿಧವೆಯನ್ನೂ ಅನಾಥನನ್ನೂ ಹಿಂಸಿಸುವವರಿಗೂ, ಪರದೇಶಿಯ ನ್ಯಾಯ ತಪ್ಪಿಸುವವರಿಗೂ ವಿರುದ್ಧವಾಗಿ ನಾನೇ ಸಾಕ್ಷಿ ಎಂದು ದೇವರು ಅಲ್ಲಿ ಹೇಳುತ್ತಾನೆ. ಅಸ್ಸಾಮಿನ ಕಡೆಯಿಂದ ಬಂದು ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇರುವವರ ಬಟವಾಡೆಯಲ್ಲಿ ಹಿಡಿದುಕೊಂಡ ಹಣವನ್ನು ತಂದು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ 10ನೇ ವಚನದ ವಾಗ್ದಾನ ಸಿಗುವುದಿಲ್ಲ, 5ನೇ ವಚನದ ಸಾಕ್ಷಿ ಎದ್ದು ನಿಲ್ಲುತ್ತದೆ. ದೇವರ ವರವನ್ನು ಹಣದಿಂದ ಕೊಂಡುಕೊಳ್ಳಬಹುದೆಂದು ಭಾವಿಸಿದ ಸೀಮೋನನಿಗೆ ಯೇಸುವಿನ ಶಿಷ್ಯ ಪೇತ್ರನು ಎಷ್ಟು ಕಟುವಾಗಿ ಉತ್ತರಿಸಿದನೆಂಬುದು ಅಪೊಸ್ತಲರ ಕೃತ್ಯಗಳು 8:20ರಲ್ಲಿದೆ. ಕಾಣಿಕೆ ಕೊಡುವುದು ಒಳ್ಳೆಯದು, ನಾನೂ ಕೊಡುತ್ತೇನೆ. ಆದರೆ ವಾಗ್ದಾನಕ್ಕೆ ಬೆಲೆ ಕಟ್ಟುವವರ ಮುಂದೆ ಕೈಚೀಲ ತೆರೆಯಬೇಡಿ.

ಇದೇ ಹೆಜ್ಜೆಯಲ್ಲಿ ಇನ್ನೊಂದನ್ನು ಗಮನಿಸಿ: ಓದಿದ್ದು ನಿಜವಾಗಿಯೂ ವಾಗ್ದಾನವೇ? ಮಗುವನ್ನು ನಡೆಯಬೇಕಾದ ಮಾರ್ಗದಲ್ಲಿ ಬೆಳೆಸು, ಮುಪ್ಪಿನಲ್ಲೂ ಅದನ್ನು ಬಿಡದು ಎಂಬ ಜ್ಞಾನೋಕ್ತಿ 22:6 ಜೀವನದ ಸಾಮಾನ್ಯ ಗತಿಯನ್ನು ಹೇಳುವ ಜ್ಞಾನದ ಮಾತು. ದಾರಿ ತಪ್ಪಿದ ಮಕ್ಕಳ ತಂದೆತಾಯಂದಿರನ್ನು ಇದರಿಂದ ಚುಚ್ಚಬಾರದು.

ನಾಲ್ಕನೆಯ ಹೆಜ್ಜೆ: ಏನನ್ನು ಹೇಳಿದೆ, ಏನನ್ನು ಹೇಳಿಲ್ಲ

ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಇದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದ ಮೇಲೆ ಸುತ್ತಲಿನ ಊರುಗಳವರು ನೆಲ ಬಿಟ್ಟು ಹೋಗಬೇಕಾಯಿತು. ಹಿನ್ನೀರು ಏರಿದಾಗ ಅರ್ಧ ಮುಳುಗುವ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಗೋಡೆಗಳೊಡನೆ ಹೊರಗೆ ನಿಲ್ಲುವ ಆ ಕಟ್ಟಡವನ್ನು ಪ್ರವಾಸಿಗರು ಫೋಟೋಕ್ಕಾಗಿ ನೋಡುತ್ತಾರೆ. ಆದರೆ ಒಂದು ಕಾಲಕ್ಕೆ ಅಲ್ಲಿ ಜ್ಞಾನಸ್ನಾನ, ಮದುವೆ, ಪೂಜೆಗಳು ನಡೆದಿದ್ದವು. ಜಲರಾಶಿಯನ್ನು ದಾಟುವಾಗ ನಾನು ನಿನ್ನ ಸಂಗಡ ಇರುವೆನು, ನದಿಗಳು ನಿನ್ನನ್ನು ಮುಳುಗಿಸವು ಎಂಬ ಯೆಶಾಯ 43:2ನ್ನು ಅಂಥ ಜನ ಹೇಗೆ ಓದಬೇಕು? ಗಮನವಿಟ್ಟು ನೋಡಿದರೆ ನೀರು ಬರುವುದಿಲ್ಲ ಎಂದು ಆ ವಚನ ಹೇಳಿಲ್ಲ, ದಾಟುವಾಗ ಎಂದೇ ಹೇಳಿದೆ. ಮನೆ, ಗೋಡೆ, ಹೊಲ ಉಳಿಯುವುದೆಂದೂ ಹೇಳಿಲ್ಲ. ಅದು ಕೊಡುವುದು ದೇವರ ಸಂಗಡವನ್ನು, ಆತನ ಜನರು ಅಳಿದುಹೋಗದೆ ಉಳಿಯುವುದನ್ನು. ಕಟ್ಟಡ ನೀರಿನಲ್ಲಿ ನಿಂತರೂ ಆ ಸಭೆಯವರ ಪ್ರಾರ್ಥನೆ ಹೊಸ ನೆಲದಲ್ಲಿ ಮುಂದುವರಿಯಲು ಅಡ್ಡಿಯಿಲ್ಲವೆಂಬುದು ಈ ವಾಗ್ದಾನದ ಒಳಗಿನ ಮಾತೇ ಆಗಿದೆ. ಲೋಕದಲ್ಲಿ ನಿಮಗೆ ಸಂಕಟ ಉಂಟು ಎಂದು ಯೇಸು ಯೋಹಾನ 16:33ರಲ್ಲಿ ಮರೆಮಾಚದೆ ಹೇಳಿ, ಧೈರ್ಯವಾಗಿರಿ ಎಂದು ಕೂಡಿಸುತ್ತಾನೆ. ಅದೂ ವಾಗ್ದಾನವೇ.

ದೇವರು ತನ್ನವರನ್ನು ಅಪಾಯಗಳಿಂದ ಕಾಯುವನೆಂದು ಹಾಡುವ ಕೀರ್ತನೆ 91ರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬೈಬಲಿನಲ್ಲಿ ವಾಗ್ದಾನವೊಂದನ್ನು ಸೈತಾನನೇ ಎತ್ತಿ ಓದುವ ಸಂದರ್ಭ ಈ ಕೀರ್ತನೆಯದೇ. ಮತ್ತಾಯ 4ನೇ ಅಧ್ಯಾಯದಲ್ಲಿ ಅವನು ಯೇಸುವನ್ನು ದೇವಾಲಯದ ತುದಿಯ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕು ಎನ್ನುತ್ತಾನೆ, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲಾ ಎನ್ನುತ್ತಾನೆ. ಬರೆದಿರುವುದು ನಿಜ. ಆದರೆ ನಿನ್ನ ಎಲ್ಲ ಮಾರ್ಗಗಳಲ್ಲಿ ಎಂಬ ಮಾತನ್ನು ಬಿಟ್ಟು ಓದಿದನು. ಧುಮುಕುವುದು ಮಾರ್ಗವಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡ 6:16ನ್ನು ಅದರ ಎದುರಿಗೆ ಇಟ್ಟು ಯೇಸು ಉತ್ತರಿಸಿದನು. ಇದನ್ನು ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ನೇರವಾಗಿಯೇ ಹೇಳುತ್ತೇನೆ: ಇಂಥ ತೋಟದಲ್ಲಿ ಆನೆಗಳಿವೆ ಎಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದಿರುವ ಬೆಳಿಗ್ಗೆ, ಕೀರ್ತನೆ 91 ಓದಿದ್ದೇವೆ, ಏನೂ ಆಗದು ಎಂದು ಆ ತೋಟದೊಳಗೆ ಹೆಜ್ಜೆ ಇಡಬೇಡಿ. ಕೂಲಿಯವರನ್ನು ಕಳುಹಿಸಲೂಬೇಡಿ. ಸಂದೇಶ ತಲುಪಿದ್ದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿ, ಕೀರ್ತನೆಯನ್ನು ಮನೆಯಲ್ಲಿಯೇ ಇನ್ನೊಮ್ಮೆ ಓದಿ.

ಐದನೆಯ ಹೆಜ್ಜೆ: ವಾಗ್ದಾನವನ್ನು ಹಿಡಿದು ಪ್ರಾರ್ಥಿಸಿ

ಇಲ್ಲಿಯವರೆಗಿನದು ಓದು. ಓದಿದ್ದು ಪ್ರಾರ್ಥನೆಯಾಗದಿದ್ದರೆ ಪ್ರಯೋಜನ ಕಡಿಮೆ. ಹೇಗೆ ಪ್ರಾರ್ಥಿಸಬೇಕೆಂಬುದಕ್ಕೆ ಆದಿಕಾಂಡ 32:9-12ರಲ್ಲಿ ಯಾಕೋಬನ ಪ್ರಾರ್ಥನೆ ಒಳ್ಳೆಯ ಮಾದರಿ. 400 ಜನರೊಂದಿಗೆ ಅಣ್ಣ ಏಸಾವನು ಬರುತ್ತಿದ್ದಾನೆಂದು ಕೇಳಿ ಹೆದರಿದ ಯಾಕೋಬನು ಮೊದಲು ದೇವರು ತನಗೆ ಹೇಳಿದ್ದನ್ನು ದೇವರ ಮುಂದೆಯೇ ಹೇಳುತ್ತಾನೆ. ನಂತರ, ಇಷ್ಟು ಕೃಪೆಗೆ ನಾನು ಯೋಗ್ಯನಲ್ಲ, ಕೋಲೊಂದನ್ನು ಹಿಡಿದು ಈ ಯೊರ್ದನನ್ನು ದಾಟಿದವನು ಈಗ ಎರಡು ಪಾಳೆಯಗಳಾಗಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಭಯವನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ಕೊನೆಗೆ ಮತ್ತೆ, ನೀನೇ ಹೇಳಿದ್ದೀಯಲ್ಲಾ ಎಂದು ವಾಗ್ದಾನಕ್ಕೆ ಮರಳುತ್ತಾನೆ. ನಿಮ್ಮ ಪ್ರಾರ್ಥನೆಯನ್ನು ಇದೇ ಕ್ರಮದಲ್ಲಿ ನಾಲ್ಕು ವಾಕ್ಯಗಳಾಗಿ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ಬರೆದು ಪ್ರಾರ್ಥಿಸುವುದು ಅಭ್ಯಾಸವಿಲ್ಲದವರಿಗೆ ಮೊದಲು ಸಂಕೋಚವಾದರೂ ಆಮೇಲೆ ಮನಸ್ಸು ಅಲೆಯುವುದು ನಿಲ್ಲುತ್ತದೆ.

ದಾನಿಯೇಲ 9ನೇ ಅಧ್ಯಾಯವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಯೆರೆಮೀಯನು ಬರೆದ 70 ವರ್ಷಗಳ ಲೆಕ್ಕವನ್ನು ಬಾಬೆಲಿನ ಸೆರೆಯಲ್ಲಿದ್ದ ದಾನಿಯೇಲನು ಗ್ರಂಥಗಳಲ್ಲಿ ಓದಿ ತಿಳಿದಾಗ, ಹೇಗೂ ಬಿಡುಗಡೆ ಬರುತ್ತದೆ ಎಂದು ಕೈಕಟ್ಟಿ ಕೂರಲಿಲ್ಲ. ಉಪವಾಸವಿದ್ದು, ಗೋಣಿತಟ್ಟು ಕಟ್ಟಿಕೊಂಡು, ಬೂದಿ ಹಾಕಿಕೊಂಡು ತನ್ನ ಜನರ ಪಾಪಗಳನ್ನು ಅರಿಕೆ ಮಾಡಿದನು. ವಾಗ್ದಾನ ಗೊತ್ತಿರುವುದೇ ಪ್ರಾರ್ಥಿಸಲು ಕಾರಣ. ಹರಕೆ ಹೊರುವಾಗ ಇದು ಕೊಟ್ಟರೆ ಅದು ಕೊಡುತ್ತೇನೆ ಎನ್ನುತ್ತೇವೆ, ವಾಗ್ದಾನದ ಪ್ರಾರ್ಥನೆಯಲ್ಲಿ ಹಾಗೆ ಚೌಕಾಸಿ ಮಾಡಲು ಏನೂ ಉಳಿದಿರುವುದಿಲ್ಲ, ಕೊಡುವೆನೆಂದು ಆತನೇ ಮೊದಲು ಹೇಳಿರುತ್ತಾನೆ.

ಆರನೆಯ ಹೆಜ್ಜೆ: ಕೈಯಲ್ಲಿರುವ ಕೆಲಸ ಮತ್ತು ಮದ್ದು

ಮರಣಕರವಾದ ರೋಗದಲ್ಲಿದ್ದ ಅರಸ ಹಿಜ್ಕೀಯನಿಗೆ ದೇವರು 2 ಅರಸುಗಳು 20ರಲ್ಲಿ ಸ್ಪಷ್ಟವಾಗಿಯೇ ಮಾತು ಕೊಟ್ಟನು: ಗುಣಪಡಿಸುವೆನು, ಮೂರನೆಯ ದಿನ ದೇವಾಲಯಕ್ಕೆ ಹೋಗುವಿ, ಇನ್ನೂ 15 ವರ್ಷ ಬದುಕುವಿ. ಮರುವಚನದಲ್ಲಿಯೇ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸುತ್ತಾನೆ. ವಾಗ್ದಾನವನ್ನು ತಂದ ಪ್ರವಾದಿಯ ಬಾಯಿಯಿಂದಲೇ ಮದ್ದಿನ ಮಾತೂ ಬಂತು. ಆದ್ದರಿಂದ ಗುಣವಾಗುವ ವಚನ ಸಿಕ್ಕಿದೆ ಎಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಫಿಟ್ಸ್ ಮಾತ್ರೆಯನ್ನೋ ನಿಲ್ಲಿಸಬಾರದು, ನಿಲ್ಲಿಸಿ ಎಂದು ಯಾವ ವೇದಿಕೆಯಿಂದ ಯಾರು ಹೇಳಿದರೂ ಕೇಳಬಾರದು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಂಥ ಮಿಷನ್ ಆಸ್ಪತ್ರೆಗಳನ್ನು ಕಟ್ಟಿದವರು ಪ್ರಾರ್ಥನೆಯನ್ನೂ ನಂಬಿದ್ದರು, ಔಷಧವನ್ನೂ ಕೊಟ್ಟರು.

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯವನ್ನೂ ಓದಿ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಮಂದಿ. ಒಬ್ಬರ ಪ್ರಾಣಕ್ಕೂ ಹಾನಿಯಿಲ್ಲ, ಹಡಗು ಮಾತ್ರ ಹೋಗುತ್ತದೆ ಎಂದು ಪೌಲನು ದೇವದೂತನ ಮಾತಿನ ಮೇಲೆ ಹೇಳುತ್ತಾನೆ. ಆದರೂ ನಾವಿಕರು ದೋಣಿ ಇಳಿಸಿ ಕದ್ದು ಹೋಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯಲಾರಿರಿ ಎಂದು ಎಚ್ಚರಿಸುತ್ತಾನೆ. ಆಮೇಲೆ ಎಲ್ಲರಿಗೂ ಊಟ ಮಾಡಲು ಹೇಳುತ್ತಾನೆ. ಕೊನೆಗೆ ಕೆಲವರು ಈಜಿ, ಕೆಲವರು ಹಲಗೆ ಹಿಡಿದು ದಡ ಸೇರಿದರು. ವಾಗ್ದಾನ ನೆರವೇರಿದ್ದು ಹೀಗೆ.

ಏಳನೆಯ ಹೆಜ್ಜೆ: ಕಾಯುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಅಬ್ರಹಾಮನ ವಯಸ್ಸುಗಳನ್ನು ಆದಿಕಾಂಡ ಲೆಕ್ಕವಿಟ್ಟು ಹೇಳುತ್ತದೆ, ನೀವೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಖಾರಾನ್ ಊರನ್ನು ಬಿಟ್ಟು ಹೊರಟಾಗ 75, ಹಾಗರಳಲ್ಲಿ ಇಷ್ಮಾಯೇಲ ಹುಟ್ಟಿದಾಗ 86, ಇಸಾಕ ಹುಟ್ಟಿದಾಗ 100. ನಡುವೆ 25 ವರ್ಷ. ಆ ನಡುವೆ ಅಬ್ರಹಾಮನು ನಕ್ಕನು, ಸಾರಳು ನಕ್ಕಳು, ಕಾಯಲಾರದೆ ತಾವೇ ಒಂದು ಉಪಾಯ ಹೂಡಿ ಹಾಗರಳೆಂಬ ದಾಸಿಯ ಬದುಕಿಗೆ ದುಃಖ ತಂದರು. ಮಗ ಹುಟ್ಟಿದ ಮೇಲೂ ಭೂಮಿಯ ವಾಗ್ದಾನ ಹಾಗೆಯೇ ಉಳಿದಿತ್ತು. ಆದಿಕಾಂಡ 23ರಲ್ಲಿ 127 ವರ್ಷದ ಸಾರಳು ತೀರಿಕೊಂಡಾಗ, ಇಡೀ ಕಾನಾನ್ ದೇಶವನ್ನು ಕೊಡುವೆನೆಂಬ ಮಾತು ಪಡೆದಿದ್ದ ಆ ಮುದುಕನಿಗೆ ಹೆಂಡತಿಯನ್ನು ಹೂಳಲು ಅಂಗೈಯಗಲ ನೆಲವಿರಲಿಲ್ಲ. ಹಿತ್ತಿಯನಾದ ಎಫ್ರೋನನಿಗೆ ಊರಬಾಗಿಲಲ್ಲಿ ಎಲ್ಲರೆದುರು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಗವಿಯನ್ನೂ ಅದರ ಹೊಲವನ್ನೂ ಕೊಂಡನು. ಆ ಬೆಳ್ಳಿ ತೂಗುವ ಭಾಗವನ್ನು ನಿಧಾನವಾಗಿ ಓದಿ. ವಾಗ್ದಾನವನ್ನು ನಂಬಿದವನು ವಾಗ್ದಾನದ ನೆಲಕ್ಕೇ ಪೂರ್ತಿ ಬೆಲೆ ತೆತ್ತು ಸಮಾಧಿ ಕೊಳ್ಳುತ್ತಾನೆ, ಆದರೂ ದೇವರ ಮೇಲೆ ದೂರುವುದಿಲ್ಲ. ಇವರೆಲ್ಲರೂ ವಾಗ್ದಾನದ ಫಲಗಳನ್ನು ಹೊಂದದೆ, ದೂರದಿಂದ ನೋಡಿ ವಂದಿಸಿ ನಂಬಿಕೆಯಲ್ಲಿ ಮೃತರಾದರು ಎಂದು ಇಬ್ರಿಯ 11:13 ಹೇಳುವುದು ಇವರನ್ನು ಕುರಿತೇ. ಹೊಂದದೆ ಸತ್ತವರನ್ನು ಬೈಬಲ್ ನಂಬಿಕೆ ಕಡಿಮೆಯವರೆಂದು ಕರೆಯಲಿಲ್ಲ.

ಕಾಯುವಾಗ ಮಾಡಬೇಕಾದದ್ದು ಇಷ್ಟೇ: ಪ್ರಾರ್ಥಿಸಿದ ದಿನಾಂಕ ಬರೆಯಿರಿ, ತಿಂಗಳಿಗೊಮ್ಮೆ ಅದೇ ಅಧ್ಯಾಯಕ್ಕೆ ಹಿಂತಿರುಗಿ. ನಮ್ಮ ಸಭೆಯ ಅಜ್ಜಿಯೊಬ್ಬರ ಬೈಬಲಿನಲ್ಲಿ ಕೀರ್ತನೆಗಳ ಅಂಚು ತುಂಬ ಪೆನ್ಸಿಲ್ಲಿನ ದಿನಾಂಕಗಳಿವೆ, ಒಂದೊಂದು ವಚನದ ಪಕ್ಕ ನಾಲ್ಕೈದು, ಕೆಲವು ಅಳಿಸಿಹೋಗುವಷ್ಟು ಹಳೆಯವು. ನೆರವೇರಿದವು ಯಾವುವು ಅಜ್ಜಿ ಎಂದು ಕೇಳಿದ ಹುಡುಗಿಗೆ ಅವರು, "ಗುರುತು ಹಾಕಿದ್ದು ನೆರವೇರಿದ್ದಕ್ಕಲ್ಲ ಮಗಾ, ಆ ದಿನ ಈ ಮಾತು ಹಿಡಕೊಂಡು ದಿನ ಕಳೆದೆ ಅನ್ನೋದಕ್ಕೆ" ಎಂದರು. ಪ್ರವಾದಿ ಎಲೀಯನೂ 1 ಅರಸುಗಳು 18ರಲ್ಲಿ, ಮಳೆ ಸುರಿಸುವೆನೆಂಬ ಮಾತು ಆಗಲೇ ಕೈಯಲ್ಲಿದ್ದರೂ, ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲುಗಳ ನಡುವೆ ತಲೆಯಿಟ್ಟು ಪ್ರಾರ್ಥಿಸಿದನು. ಆಳು ಸಮುದ್ರದ ಕಡೆ ನೋಡಿ ಏನೂ ಇಲ್ಲ ಎಂದಾಗೆಲ್ಲ ಮತ್ತೆ ಹೋಗು ಎಂದನು. ಏಳನೆಯ ಸಲ ಅಂಗೈಯಷ್ಟು ಮೋಡ ಕಂಡಿತು.

ಎಂಟನೆಯ ಹೆಜ್ಜೆ: ಇನ್ನೊಬ್ಬರಿಗೆ ವಚನ ಕೊಡುವಾಗ

ಸಾವಿನ ಮನೆಗೆ ಹೋಗುವವರು ರೋಮಾ 8:28ನ್ನು, ಎಲ್ಲವೂ ಹಿತಕ್ಕಾಗಿಯೇ ಅನುಕೂಲವಾಗುತ್ತದೆ ಎಂಬ ಮಾತನ್ನು, ಬಾಗಿಲಲ್ಲೇ ಹೇಳಿಬಿಡಬೇಡಿ. ಅದು ಸತ್ಯವಾದ ಮಾತು, ಆದರೆ ಅದನ್ನು ಹೇಳುವ ಹಕ್ಕು ಮೊದಲು ದುಃಖಪಡುವವರದ್ದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮಾಡಿದ ಒಳ್ಳೆಯ ಕೆಲಸವೆಂದರೆ ಮೊದಲ 7 ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತದ್ದು. ಕೇಳಿದರೆ ಕೀರ್ತನೆ 23ನ್ನೋ ಯೋಹಾನ 14ನ್ನೋ ಪೂರ್ತಿಯಾಗಿ ಓದಿ. ಮೊಬೈಲಿನಲ್ಲಿ ವಚನ ಕಳುಹಿಸುವುದಾದರೆ, ಇದು ನಿಮಗೆ ಈ ವರ್ಷ ಆಗಿಯೇ ಆಗುತ್ತದೆ ಎಂದು ನಿಮ್ಮ ಕಡೆಯಿಂದ ಒಂದು ಸಾಲು ಸೇರಿಸಬೇಡಿ, ದೇವರು ಕೊಡದ ಮಾತಿಗೆ ಆತನ ಹೆಸರು ಹಾಕಿದಂತಾಗುತ್ತದೆ.

ಇನ್ನು ಸಭೆಯಲ್ಲಿ ಕಾರ್ಡು ಸಿದ್ಧಪಡಿಸುವ ಯೌವನಸ್ಥರಿಗೂ ಭಾನುವಾರ ಶಾಲೆಯ ಶಿಕ್ಷಕರಿಗೂ ಒಂದು ಮಾತು. ಅಚ್ಚಿಗೆ ಕೊಡುವ ಮುಂಚೆ ನವೆಂಬರಿನಲ್ಲಿಯೇ ಪಟ್ಟಿಯನ್ನು ನಿಮ್ಮ ಸಭಾಪಾಲಕರ ಅಥವಾ ಧರ್ಮಗುರುಗಳ ಜೊತೆ ಕುಳಿತು ನೋಡಿ. ಒಬ್ಬ ವ್ಯಕ್ತಿಗೆ ಮಾತ್ರ ಹೇಳಿದ ಮಾತುಗಳನ್ನು ತೆಗೆಯಿರಿ. ಷರತ್ತಿರುವ ವಚನವನ್ನು ಷರತ್ತಿನೊಡನೆಯೇ ಅಚ್ಚುಹಾಕಿಸಿ, ಜಾಗ ಸಾಲದಿದ್ದರೆ ಹೂವಿನ ಚಿತ್ರವನ್ನು ಚಿಕ್ಕದು ಮಾಡಿ. ಪಾಪಗಳನ್ನು ಅರಿಕೆಮಾಡಿದರೆ ಕ್ಷಮಿಸುವೆನೆಂಬ 1 ಯೋಹಾನ 1:9, ಜ್ಞಾನ ಕಡಿಮೆಯಾದವನು ಕೇಳಿಕೊಳ್ಳಲಿ ಎಂಬ ಯಾಕೋಬ 1:5, ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುವೆನೆಂಬ ಮತ್ತಾಯ 28:20 ತಟ್ಟೆಯಲ್ಲಿ ಇರಲೇಬೇಕು. ಪೌಲನು ತನ್ನ ದೇಹದಲ್ಲಿನ ಮುಳ್ಳು ತೊಲಗಲೆಂದು 3 ಸಲ ಬೇಡಿಕೊಂಡಾಗ ಬಂದ, ನನ್ನ ಕೃಪೆಯೇ ನಿನಗೆ ಸಾಕು ಎಂಬ 2 ಕೊರಿಂಥ 12:9ನ್ನೂ ಸೇರಿಸಿ. ಕಾರ್ಡಿನ ಹಿಂಬದಿಯಲ್ಲಿ, ಈ ಅಧ್ಯಾಯವನ್ನು ಜನವರಿ ಮೊದಲ ವಾರದೊಳಗೆ ಪೂರ್ತಿ ಓದಿರಿ ಎಂದು ಒಂದು ಸಾಲು ಹಾಕಿಸಿ, ಅದರ ಕೆಳಗೆ ದಿನಾಂಕ ಬರೆಯಲು ಖಾಲಿ ಜಾಗ ಬಿಡಿಸಿ.